ಗಂಡಸರ ಬೀರುವಿನಿಂದ ಬಣ್ಣ ಕದ್ದವನು

ಎಥ್ನಿಕ್ ಡೇ ದಿನ ಒಂದು ಸಲ ಮೂರನೇ ಮಹಡಿಗೆ ಹತ್ತಿ ಕೆಳಗೆ ಅಂಗಳವನ್ನು ನೋಡಿ. ಹುಡುಗಿಯರ ಕಡೆ ಗಿಳಿ ಹಸಿರು, ಮಾವಿನ ಹಣ್ಣಿನ ಹಳದಿ, ಈರುಳ್ಳಿ ಸಿಪ್ಪೆಯ ಬಣ್ಣ, ನೇರಳೆ, ಇಳಕಲ್ ಸೀರೆಯ ಕೆಂಪು ಸೆರಗು, ಎಲ್ಲ ಇರುತ್ತೆ. ಹುಡುಗರ ಕಡೆ ಬಿಳಿ ಪಂಚೆ, ಬಿಳಿ ಶರ್ಟು. ಸ್ವಲ್ಪ ಧೈರ್ಯ ಇರುವವರು ಕಪ್ಪು ಶರ್ಟು ಹಾಕಿರುತ್ತಾರೆ, ಅಷ್ಟೇ. ಪ್ಲೇಸ್‌ಮೆಂಟ್ ದಿನ ಬಂದರಂತೂ ಕೇಳಲೇಬೇಡಿ. ನೇವಿ ಬ್ಲೂ ಬ್ಲೇಜರ್, ತಿಳಿ ಬಣ್ಣದ ಶರ್ಟು, ಕಪ್ಪು ಶೂ. ನೂರು ಜನ ಸಾಲಾಗಿ ನಿಂತರೆ ಒಬ್ಬನನ್ನೇ ನೂರು ಸಲ ಕಾಪಿ ಪೇಸ್ಟ್ ಮಾಡಿದ ಹಾಗೆ ಕಾಣುತ್ತೆ.

ನಾನು ಇಷ್ಟು ದಿನ ಇದು ಪ್ರಕೃತಿ ನಿಯಮ ಅಂದುಕೊಂಡಿದ್ದೆ. ಗಂಡಸರಿಗೆ ಬಣ್ಣ ಒಪ್ಪಲ್ಲ, ಹೆಂಗಸರಿಗೆ ಒಪ್ಪುತ್ತೆ, ಮುಗೀತು. ಆಮೇಲೆ ಓದುತ್ತಾ ಹೋದಾಗ ಗೊತ್ತಾಯಿತು, ಇದಕ್ಕೆ ವಯಸ್ಸು ಬರೀ ಇನ್ನೂರು ವರ್ಷ ಚಿಲ್ಲರೆ. ಇದರ ಹಿಂದೆ ಬೇರೆ ಕಾರಣಗಳೂ ಇವೆ, ಆದರೆ ಒಬ್ಬ ಮನುಷ್ಯನ ಹೆಸರನ್ನು ಹೇಳಲೇಬೇಕು ಅಂದರೆ ಎಲ್ಲರೂ ಹೇಳುವುದು ಲಂಡನ್ನಿನ ಜಾರ್ಜ್ ಬ್ರಯನ್ ಬ್ರಮೆಲ್ ಹೆಸರನ್ನು. ಬೋ ಬ್ರಮೆಲ್ ಅಂತಲೇ ಅವನು ಪ್ರಸಿದ್ಧ. ಅವನು ರಾಜನಲ್ಲ, ಸೇನಾಪತಿಯಲ್ಲ, ಕವಿಯಲ್ಲ. ಬಟ್ಟೆ ಹಾಕಿಕೊಂಡ, ಅದೇ ಅವನ ಸಾಧನೆ. ಅದರಿಂದಲೇ ಗೆದ್ದ, ಅದರಿಂದಲೇ ಹಾಳಾದ.

ಮೊದಲು ಅವನಿಗಿಂತ ಹಿಂದಿನ ಕಾಲ ಹೇಗಿತ್ತು ನೋಡೋಣ. ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿ ಕೆಂಪು ಹಿಮ್ಮಡಿಯ ಎತ್ತರದ ಶೂ ಹಾಕುತ್ತಿದ್ದ. ಅವನ ಆಸ್ಥಾನದಲ್ಲಿ ಕೆಂಪು ಹಿಮ್ಮಡಿ ಅಂದರೆ ದೊಡ್ಡಸ್ತಿಕೆ. ಇಂಗ್ಲೆಂಡಿನ ಶ್ರೀಮಂತ ಗಂಡಸರೂ ಕಡಿಮೆ ಇರಲಿಲ್ಲ. ರೇಷ್ಮೆ, ಮಖಮಲ್ಲು, ಜರಿ ಕಸೂತಿ, ಕೈತುದಿಯಲ್ಲಿ ಲೇಸು, ತಲೆಗೆ ಬಿಳಿ ಪೌಡರ್ ಹಾಕಿದ ವಿಗ್ಗು. ಹದಿನೆಂಟನೇ ಶತಮಾನದ ಮೊದಲ ಅರ್ಧದಲ್ಲಿ ಗಂಡಸರ ಕೋಟಿನ ಕೆಳಭಾಗ ಸೊಂಟದಿಂದ ಮೊಣಕಾಲಿನವರೆಗೆ ನೆರಿಗೆ ನೆರಿಗೆಯಾಗಿ ಅರಳಿಕೊಂಡಿರುತ್ತಿತ್ತು. ಅದು ಬಿಗಿಯಾಗಿ ನಿಲ್ಲಲಿ ಅಂತ ಒಳಗೆ ದಪ್ಪ ಬಟ್ಟೆ ಕೊಟ್ಟು ಹೊಲಿಯುತ್ತಿದ್ದರು. ಆ ಭಾಗಕ್ಕೆ ಟೈಲರ್‌ಗಳು ಇಟ್ಟಿದ್ದ ಹೆಸರೇ ಸ್ಕರ್ಟ್. ಯಾರೂ ನಗುತ್ತಿರಲಿಲ್ಲ.

1783ರಲ್ಲಿ ಇಂಗ್ಲೆಂಡಿನ ಯುವರಾಜ, ಅಂದರೆ ಮುಂದೆ ನಾಲ್ಕನೇ ಜಾರ್ಜ್ ಆದವನು, ಮೊದಲ ಸಲ ಹೌಸ್ ಆಫ್ ಲಾರ್ಡ್ಸ್‌ಗೆ ಹೋದ. ಆಗ ಅವನಿಗೆ 21 ವರ್ಷ. ಕಪ್ಪು ಮಖಮಲ್ಲಿನ ಕೋಟು, ಅದಕ್ಕೆ ಚಿನ್ನದ ಮತ್ತು ಗುಲಾಬಿ ಕಸೂತಿ, ಒಳಗೆ ಗುಲಾಬಿ ಸ್ಯಾಟಿನ್ ಅಸ್ತರು, ಕಾಲಲ್ಲಿ ಗುಲಾಬಿ ಹಿಮ್ಮಡಿಯ ಶೂ. ಇವತ್ತು ಯಾರಾದರೂ ಹೀಗೆ ವಿಧಾನಸೌಧಕ್ಕೆ ಹೋದರೆ ಸಂಜೆಯೊಳಗೆ ಮೀಮ್ ಆಗಿಬಿಡುತ್ತಾರೆ. ಆಗ ಅದು ರಾಜಕುಮಾರನಿಗೆ ತಕ್ಕ ಬಟ್ಟೆ. ಈ ಯುವರಾಜನನ್ನು ನೆನಪಿಟ್ಟುಕೊಳ್ಳಿ, ಕಥೆಯಲ್ಲಿ ಕೊನೆವರೆಗೂ ಬರುತ್ತಾನೆ.

ಬ್ರಮೆಲ್ ಹುಟ್ಟಿದ್ದು 1778ರ ಜೂನ್ 7ರಂದು, ಲಂಡನ್‌ನಲ್ಲಿ. ಅವನ ಅಜ್ಜ ದೊಡ್ಡವರ ಮನೆಯಲ್ಲಿ ಸೇವಕನಾಗಿದ್ದವನು. ಯಜಮಾನರಿಗೆ ಬಟ್ಟೆ ತೊಡಿಸುವುದು, ಕೋಟಿಗೆ ಬ್ರಷ್ ಹೊಡೆಯುವುದು ಅವನ ಕೆಲಸ. ಅಪ್ಪ ಓದಿ ಮೇಲೆ ಬಂದು, ಪ್ರಧಾನಿ ಲಾರ್ಡ್ ನಾರ್ತ್‌ಗೆ ಖಾಸಗಿ ಕಾರ್ಯದರ್ಶಿಯಾದ. ಮೂರನೇ ತಲೆಮಾರಿನ ಈ ಹುಡುಗನನ್ನು ಈಟನ್ ಶಾಲೆಗೆ ಹಾಕಿದರು. ಅಲ್ಲಿ ಸುತ್ತ ಇದ್ದವರೆಲ್ಲ ಡ್ಯೂಕ್, ಅರ್ಲ್‌ಗಳ ಮಕ್ಕಳು. ಅವರಿಗೆ ವಂಶ ಇತ್ತು, ಊರುಗಟ್ಟಲೆ ಜಮೀನು ಇತ್ತು. ಇವನಿಗೆ ಇದ್ದದ್ದು ಚುರುಕು ನಾಲಿಗೆ ಮತ್ತು ನೀಟಾದ ಬಟ್ಟೆ. ಅಲ್ಲಿಯೇ ಅವನಿಗೆ ಲೆಕ್ಕ ಅರ್ಥವಾಗಿರಬೇಕು ಅಂತ ನನಗೆ ಅನಿಸುತ್ತೆ. ಜರಿ, ವಜ್ರ, ಕಸೂತಿಯ ಆಟದಲ್ಲಿ ಡ್ಯೂಕನ ಮಗನನ್ನು ಯಾವತ್ತೂ ಗೆಲ್ಲೋಕೆ ಆಗಲ್ಲ. ಗೆಲ್ಲಬೇಕು ಅಂದರೆ ಆಟವನ್ನೇ ಬದಲಾಯಿಸಬೇಕು.

ಈಟನ್ ಆದಮೇಲೆ ಆಕ್ಸ್‌ಫರ್ಡ್‌ನ ಓರಿಯಲ್ ಕಾಲೇಜಿಗೆ ಸೇರಿದ, ಆದರೆ ಬಹಳ ದಿನ ಇರಲಿಲ್ಲ. ಡ್ರಾಪ್‌ಔಟ್ ಅನ್ನಬಹುದು. 1794ರಲ್ಲಿ ಅಪ್ಪ ತೀರಿಕೊಂಡ. ಅದೇ ವರ್ಷ, ಹದಿನಾರನೇ ವಯಸ್ಸಿನಲ್ಲಿ, ಯುವರಾಜನ ಸ್ವಂತ ರೆಜಿಮೆಂಟಾದ 10ನೇ ಲೈಟ್ ಡ್ರಾಗೂನ್ಸ್‌ಗೆ ಕಿರಿಯ ಅಧಿಕಾರಿಯಾಗಿ ಸೇರಿದ. ಯುವರಾಜನಿಗೆ ಈ ಹುಡುಗನ ಮಾತು, ಧಾಟಿ ತುಂಬಾ ಹಿಡಿಸಿತು. ಇಬ್ಬರಿಗೂ ಹದಿನಾರು ವರ್ಷದ ಅಂತರ, ಆದರೂ ಗೆಳೆತನ ಗಟ್ಟಿಯಾಯಿತು. ಬ್ರಮೆಲ್‌ಗೆ ಕವಾಯತು, ಶಿಸ್ತು ಯಾವುದೂ ಸೇರುತ್ತಿರಲಿಲ್ಲ. ಕುದುರೆಯಿಂದ ಬಿದ್ದು ಮೂಗು ಮುರಿದುಕೊಂಡಿದ್ದೇ ಅವನ ಸೈನಿಕ ಜೀವನದ ದೊಡ್ಡ ಗಾಯ. ಆದರೂ ಎರಡೇ ವರ್ಷದಲ್ಲಿ ಕ್ಯಾಪ್ಟನ್ ಆದ. 1798ರಲ್ಲಿ ರೆಜಿಮೆಂಟನ್ನು ಮ್ಯಾಂಚೆಸ್ಟರ್‌ಗೆ ಕಳುಹಿಸುತ್ತಾರೆ ಅಂತ ಗೊತ್ತಾದಾಗ ಕೆಲಸ ಬಿಟ್ಟ. ಹೊಗೆ ತುಂಬಿದ ಕಾರ್ಖಾನೆ ಊರಿನಲ್ಲಿ ತನ್ನಂಥವನು ಬದುಕುವುದು ಹೇಗೆ ಅಂತ ಅವನ ಚಿಂತೆ.

ಮರುವರ್ಷ ಅಪ್ಪನ ಆಸ್ತಿಯ ಪಾಲು ಕೈಗೆ ಬಂತು. 20 ಸಾವಿರ ಪೌಂಡಿಗೂ ಹೆಚ್ಚು. ಆಗಿನ ಕಾಲಕ್ಕೆ ಒಬ್ಬ ಮನುಷ್ಯ ಜೀವನಪೂರ್ತಿ ನೆಮ್ಮದಿಯಾಗಿ ಇರಬಹುದಾದ ದುಡ್ಡು. ಆದರೆ ಡ್ಯೂಕ್‌ಗಳ ಜೊತೆ ಓಡಾಡೋಕೆ ಅದು ಏನೇನೂ ಅಲ್ಲ. ಲಂಡನ್ನಿನ ಮೇಫೇರ್‌ನಲ್ಲಿ, ಚೆಸ್ಟರ್‌ಫೀಲ್ಡ್ ಸ್ಟ್ರೀಟಿನ 4ನೇ ನಂಬರ್ ಮನೆ ಮಾಡಿದ. ಮುಂದಿನ ಹದಿನೇಳು ವರ್ಷ ಊರಿನ ಗಂಡಸರೆಲ್ಲ ಏನು ಹಾಕಬೇಕು ಅನ್ನೋದು ತೀರ್ಮಾನ ಆಗುತ್ತಿದ್ದದ್ದು ಈ ಮನುಷ್ಯನನ್ನು ನೋಡಿಯೇ.

ಅವನು ಮಾಡಿದ್ದೇನು? ಕಡು ನೀಲಿ ಉಣ್ಣೆ ಕೋಟು, ಹಿತ್ತಾಳೆ ಗುಂಡಿ, ತಿಳಿ ಹಳದಿ ಮಿಶ್ರ ಕಂದು ಬಣ್ಣದ ವೇಸ್ಟ್‌ಕೋಟು ಮತ್ತು ಕಾಲಿಗೆ ಅಂಟಿಕೊಂಡಂತಿರುವ ಪ್ಯಾಂಟು, ಕಪ್ಪು ಬೂಟು. ಸಂಜೆಯಾದರೆ ನೀಲಿ ಕೋಟು, ಬಿಳಿ ವೇಸ್ಟ್‌ಕೋಟು, ಕಪ್ಪು ಪ್ಯಾಂಟು. ಕುತ್ತಿಗೆಗೆ ಅಚ್ಚ ಬಿಳಿ ಮಸ್ಲಿನ್ ಬಟ್ಟೆಯ ಕ್ರವಾಟ್. ಅಷ್ಟೇ. ಕಸೂತಿ ಇಲ್ಲ, ಲೇಸು ಇಲ್ಲ, ಸೆಂಟು ಇಲ್ಲ. 1795ರಲ್ಲಿ ಸರ್ಕಾರ ತಲೆಗೆ ಹಾಕುವ ಪೌಡರ್ ಮೇಲೆ ವರ್ಷಕ್ಕೆ ಒಂದು ಗಿನಿ ತೆರಿಗೆ ಹಾಕಿದ ಮೇಲೆ ಬಹಳ ಜನ ಪೌಡರ್ ಬಿಟ್ಟರು. ಬ್ರಮೆಲ್ ಕೂಡ ಬಿಟ್ಟು, ಕೂದಲು ಗಿಡ್ಡ ಮಾಡಿಸಿದ.

ಈ ಬಟ್ಟೆಗಳು ಪೂರ್ತಿ ಅವನ ಕಲ್ಪನೆ ಅಲ್ಲ. ಇಂಗ್ಲೆಂಡಿನ ಜಮೀನ್ದಾರರು ಹಳ್ಳಿಯಲ್ಲಿ ಕುದುರೆ ಸವಾರಿಗೆ ಹೋಗುವಾಗ ಸರಳವಾದ ಉಣ್ಣೆ ಬಟ್ಟೆ ಹಾಕುತ್ತಿದ್ದರು. ಬ್ರಮೆಲ್ ಅದನ್ನೇ ಊರಿನ ಡ್ರಾಯಿಂಗ್ ರೂಮಿಗೆ ತಂದ. ಕಾಲವೂ ಅವನ ಪರವಾಗಿತ್ತು. 1789ರಲ್ಲಿ ಫ್ರಾನ್ಸಿನಲ್ಲಿ ಕ್ರಾಂತಿ ಆಗಿತ್ತು. ಮೊಣಕಾಲುದ್ದದ ರೇಷ್ಮೆ ಚಡ್ಡಿ ಅಲ್ಲಿ ಶ್ರೀಮಂತರ ಗುರುತಾಗಿತ್ತು, ಬೀದಿಗಿಳಿದ ಕ್ರಾಂತಿಕಾರಿಗಳು ಅಂಥ ಚಡ್ಡಿ ಹಾಕದವರು ಅಂತಲೇ ತಮ್ಮನ್ನು ಕರೆದುಕೊಂಡರು. ಜರಿ ಹಾಕಿಕೊಂಡು ಮೆರೆಯುವುದು ಯುರೋಪಿನಲ್ಲಿ ಮೊದಲಿನಷ್ಟು ಸಲೀಸಾಗಿ ಉಳಿದಿರಲಿಲ್ಲ.

ಇಲ್ಲಿ ನಮ್ಮಂಥ ಎಂಜಿನಿಯರಿಂಗ್‌ನವರಿಗೆ ಇಷ್ಟ ಆಗುವ ಒಂದು ವಿಷಯ ಇದೆ. ರೇಷ್ಮೆಯನ್ನು ಕತ್ತರಿಸಿ ಹೊಲಿಯಬಹುದು, ಆದರೆ ಅದರ ಆಕಾರ ಬದಲಿಸೋಕೆ ಆಗಲ್ಲ. ಉಣ್ಣೆ ಹಾಗಲ್ಲ. ಅದಕ್ಕೆ ಹಬೆ ಕೊಟ್ಟು, ಬಿಸಿ ಇಸ್ತ್ರಿ ಪೆಟ್ಟಿಗೆ ಒತ್ತಿದರೆ ಒಂದು ಕಡೆ ಹಿಗ್ಗುತ್ತೆ, ಇನ್ನೊಂದು ಕಡೆ ಕುಗ್ಗುತ್ತೆ, ತಣ್ಣಗಾದ ಮೇಲೆ ಅದೇ ಆಕಾರದಲ್ಲಿ ನಿಲ್ಲುತ್ತೆ. ಲಂಡನ್ನಿನ ಟೈಲರ್‌ಗಳಿಗೆ ಈ ಕೈಚಳಕ ಚೆನ್ನಾಗಿ ಗೊತ್ತಿತ್ತು. ಭುಜ ಇಳಿದಿದ್ದರೆ ಏರಿಸೋದು, ಎದೆ ಚಪ್ಪಟೆ ಇದ್ದರೆ ತುಂಬಿಸೋದು, ಸೊಂಟದ ಹತ್ತಿರ ಹಿಡಿಯೋದು. ಬ್ರಮೆಲ್ ಬಟ್ಟೆಯ ಮೇಲೆ ಅಂಟಿಸುವ ಅಲಂಕಾರವನ್ನೆಲ್ಲ ತೆಗೆದುಹಾಕಿ, ಪೂರ್ತಿ ಭಾರವನ್ನು ಫಿಟ್ಟಿಂಗ್ ಮೇಲೆ ಹಾಕಿದ. ಬೆಲೆ ನೋಡಿ ದೊಡ್ಡವನು ಅನ್ನುವ ಬದಲು ಅಳತೆ ನೋಡಿ ಅನ್ನುವ ಹಾಗಾಯಿತು. ಸೇವಕನ ಮೊಮ್ಮಗನಿಗೂ ಸರಿಯಾದ ಅಳತೆ ಸಿಗಬಹುದಲ್ಲ.

ಕ್ರವಾಟ್ ವಿಷಯದಲ್ಲಂತೂ ಅವನದು ದೊಡ್ಡ ಪ್ರಯೋಗಾಲಯ. ಮೊದಲು ಗಂಡಸರ ಕುತ್ತಿಗೆ ಬಟ್ಟೆ ಸ್ವಲ್ಪ ಹೊತ್ತಿಗೇ ಮುದುಡಿ ಎದೆ ಮೇಲೆ ಜೋತುಬೀಳುತ್ತಿತ್ತು. ಬ್ರಮೆಲ್ ಅದಕ್ಕೆ ಹದವಾಗಿ ಗಂಜಿ ಹಾಕಿಸಿದ. ಹೆಚ್ಚಾದರೆ ರಟ್ಟು, ಕಡಿಮೆಯಾದರೆ ಚಿಂದಿ. ಒಂದು ಅಡಿಯಷ್ಟು ಅಗಲದ ಬಟ್ಟೆಯನ್ನು ಕುತ್ತಿಗೆಗೆ ಸುತ್ತಿ, ಗಂಟು ಹಾಕಿ, ಗಲ್ಲವನ್ನು ನಿಧಾನವಾಗಿ ಕೆಳಗಿಳಿಸುತ್ತಾ ಮಡಿಕೆಗಳನ್ನು ಕೂರಿಸುತ್ತಿದ್ದ. ಒಂದು ಮಡಿಕೆ ತಪ್ಪಿದರೂ ಸರಿಪಡಿಸುವ ಮಾತಿಲ್ಲ. ಅದನ್ನು ಕಿತ್ತೆಸೆದು ಹೊಸದು ತೆಗೆದುಕೊಳ್ಳುವುದೇ. ಒಮ್ಮೆ ಅವನ ಸೇವಕ ರಾಬಿನ್ಸನ್ ತೋಳಿನ ತುಂಬ ಮುದುಡಿದ ಕ್ರವಾಟ್ ಹೊತ್ತುಕೊಂಡು ಮೆಟ್ಟಿಲಿಳಿದು ಬರುತ್ತಿದ್ದನಂತೆ. ಬಂದವರು ಇದೇನು ಅಂತ ಕೇಳಿದರೆ, ಇವೆಲ್ಲ ನಮ್ಮ ಸೋಲುಗಳು ಸ್ವಾಮಿ ಅಂದನಂತೆ. ಲ್ಯಾಬ್‌ನಲ್ಲಿ ರೀಡಿಂಗ್ ಸರಿ ಬರದೆ ಹಾಳೆ ಹರಿದವರಿಗೆ ಈ ರಾಬಿನ್ಸನ್ ಮೇಲೆ ಮಮತೆ ಬರದೇ ಇರಲ್ಲ.

ಬ್ರಮೆಲ್‌ನಿಂದ ಬಂದ ಒಳ್ಳೆಯದನ್ನೂ ಹೇಳಬೇಕು. ಅವನು ದಿನಾ ಸ್ನಾನ ಮಾಡುತ್ತಿದ್ದ. ನಮಗೆ ಇದು ಸುದ್ದಿಯೇ ಅಲ್ಲ, ಆದರೆ ಆಗಿನ ಇಂಗ್ಲೆಂಡಿನ ಶ್ರೀಮಂತರಲ್ಲಿ ಮೈ ವಾಸನೆಯನ್ನು ಸೆಂಟಿನಿಂದ ಮುಚ್ಚುವ ರೂಢಿ ಇತ್ತು. ಅವನು ಹಲ್ಲುಜ್ಜಿ, ಮೈ ತಿಕ್ಕಿ, ನುಣ್ಣಗೆ ಕ್ಷೌರ ಮಾಡಿಕೊಂಡು, ದಿನಾ ಒಗೆದ ಬಿಳಿ ಬಟ್ಟೆ ಹಾಕುತ್ತಿದ್ದ. ಇದಕ್ಕೆಲ್ಲ ಗಂಟೆಗಟ್ಟಲೆ ಹಿಡಿಯುತ್ತಿತ್ತು. ಯುವರಾಜ ಸ್ವತಃ ಬಂದು ಕೂತು ನೋಡುತ್ತಿದ್ದ. ಹತ್ತಾರು ವರ್ಷ ಹಿಂದೆ ಗುಲಾಬಿ ಹಿಮ್ಮಡಿ ಹಾಕಿದ್ದ ಅದೇ ಯುವರಾಜ.

ಈ ಸರಳತೆ ಅಗ್ಗ ಅಂತ ಮಾತ್ರ ತಿಳಿಯಬೇಡಿ. ಒಬ್ಬ ಹುಡುಗ ಬಟ್ಟೆಗೆ ವರ್ಷಕ್ಕೆ ಎಷ್ಟು ಬೇಕಾಗಬಹುದು ಅಂತ ಯಾರೋ ಕೇಳಿದಾಗ, ಹಿಡಿತದಲ್ಲಿ ಖರ್ಚು ಮಾಡಿದರೆ 800 ಪೌಂಡಿನಲ್ಲಿ ಆಗಬಹುದು ಅಂದನಂತೆ. ಆಗ ಒಳ್ಳೆಯ ಕುಶಲಕರ್ಮಿಗೆ ವಾರಕ್ಕೆ ಸಿಗುತ್ತಿದ್ದದ್ದು ಸುಮಾರು ಒಂದು ಪೌಂಡ್. ಅಂದರೆ ದುಡ್ಡು ಕಣ್ಣಿಗೆ ಕಾಣದ ಕಡೆ ಹೋಯಿತು ಅಷ್ಟೇ. ಮೊದಲು ಜರಿಯಲ್ಲಿ ಕಾಣುತ್ತಿತ್ತು, ಈಗ ಹೊಲಿಗೆಯಲ್ಲಿ, ಗಂಜಿಯಲ್ಲಿ, ಒಗೆಯುವವರ ಕೈಯಲ್ಲಿ ಅಡಗಿತು. ನಮ್ಮ ಕಾಲದಲ್ಲೂ ದೊಡ್ಡ ಸಾಫ್ಟ್‌ವೇರ್ ಕಂಪನಿಗಳ ಮಾಲೀಕರು ಬೂದು ಟೀಶರ್ಟು ಹಾಕಿಕೊಂಡು ಓಡಾಡುತ್ತಾರಲ್ಲ, ಅದೇ ಆಟ.

ಬಟ್ಟೆಯ ಜೊತೆಗೆ ಅವನ ಇನ್ನೊಂದು ಆಯುಧ ನಾಲಿಗೆ. ಬೆಡ್‌ಫರ್ಡಿನ ಡ್ಯೂಕ್ ತನ್ನ ಹೊಸ ಕೋಟು ಹೇಗಿದೆ ಅಂತ ಕೇಳಿದಾಗ, ಬ್ರಮೆಲ್ ಅವನನ್ನು ತಿರುಗಿಸಿ ತಿರುಗಿಸಿ ನೋಡಿ, ಕೊನೆಗೆ ಕಾಲರ್ ಹಿಡಿದು, ನೀವು ಇದನ್ನು ಕೋಟು ಅಂತ ಕರೆಯುತ್ತೀರಾ ಅಂದನಂತೆ. ಇಂಗ್ಲೆಂಡಿನ ಅತಿ ದೊಡ್ಡ ಮನೆತನದ ಯಜಮಾನನಿಗೆ ಸೇವಕನ ಮೊಮ್ಮಗ ಹೇಳಿದ ಮಾತು ಇದು. ವೈಟ್ಸ್ ಕ್ಲಬ್ಬಿನ ಕಿಟಕಿಯಲ್ಲಿ ಕೂತು ದಾರಿಯಲ್ಲಿ ಹೋಗುವವರ ಬಟ್ಟೆಯನ್ನು ಅವನು ಮತ್ತು ಅವನ ಗೆಳೆಯರು ತೂಗುತ್ತಿದ್ದರು. ಆ ಕಿಟಕಿಯ ಮುಂದೆ ಹಾಯುವುದಕ್ಕೆ ಜನ ಹೆದರುತ್ತಿದ್ದರು. ಕವಿ ಬೈರನ್‌ಗೂ ಅವನೆಂದರೆ ಬೆರಗು. ತನ್ನ ಕಾಲದ ದೊಡ್ಡವರ ಪಟ್ಟಿಯಲ್ಲಿ ಬ್ರಮೆಲ್‌ನನ್ನು ನೆಪೋಲಿಯನ್‌ಗಿಂತ ಮೇಲೆ ಇಟ್ಟಿದ್ದನಂತೆ.

ನನಗೆ ಈ ಭಾಗ ಓದುವಾಗ ಸ್ವಲ್ಪ ಕಸಿವಿಸಿ ಆಯಿತು. ವಂಶ ನೋಡದೆ ಮನುಷ್ಯನನ್ನು ನೋಡಿ ಅಂತ ದಾರಿ ಮಾಡಿಕೊಟ್ಟವನೇ, ತಾನು ಮೇಲೆ ಹೋದ ಮೇಲೆ ಬಟ್ಟೆ ನೋಡಿ ಜನರನ್ನು ಕೀಳಾಗಿ ಕಂಡ. ಬಣ್ಣ ಹಾಕಿದವನು ಹಳ್ಳಿ ಗುಗ್ಗು, ಅಲಂಕಾರ ಮಾಡಿಕೊಂಡವನು ಗಂಡಸೇ ಅಲ್ಲ ಅನ್ನುವ ಮಾತು ಮುಂದೆ ಬೆಳೆದದ್ದು ಇಂಥ ಕಿಟಕಿಗಳಿಂದಲೇ.

ಏರಿದ ಹಾಗೆಯೇ ಇಳಿದ. 1811ರಲ್ಲಿ ಯುವರಾಜ ರೀಜೆಂಟ್ ಆದ, ಅಂದರೆ ಕಾಯಿಲೆಯಲ್ಲಿದ್ದ ಅಪ್ಪನ ಬದಲು ರಾಜ್ಯ ನೋಡಿಕೊಳ್ಳುವವನಾದ. ಅವನ ಮೈಯೂ ಬೆಳೆಯಿತು, ಗತ್ತೂ ಬೆಳೆಯಿತು. ಬ್ರಮೆಲ್‌ನ ಕೊಂಕು ಅವನಿಗೆ ಮೊದಲಿನ ಹಾಗೆ ತಮಾಷೆಯಾಗಿ ಕಾಣಲಿಲ್ಲ. 1813ರ ಜುಲೈಯಲ್ಲಿ ಬ್ರಮೆಲ್ ಮತ್ತು ಮೂವರು ಗೆಳೆಯರು ಸೇರಿ ಒಂದು ದೊಡ್ಡ ನೃತ್ಯಕೂಟ ಇಟ್ಟುಕೊಂಡರು. ರೀಜೆಂಟ್ ಬಂದ. ಬಾಗಿಲಲ್ಲಿ ನಿಂತಿದ್ದವರಲ್ಲಿ ಲಾರ್ಡ್ ಆಲ್ವಾನ್ಲಿಯನ್ನು ಮಾತಾಡಿಸಿದ, ಬ್ರಮೆಲ್‌ನನ್ನು ಕಂಡೂ ಕಾಣದ ಹಾಗೆ ಮುಂದೆ ಹೋದ. ಇಡೀ ಹಾಲ್ ಸುಮ್ಮನಾಯಿತು. ಆಗ ಬ್ರಮೆಲ್ ಎಲ್ಲರಿಗೂ ಕೇಳುವ ಹಾಗೆ ಆಲ್ವಾನ್ಲಿಯನ್ನು ಕೇಳಿದ, ನಿನ್ನ ಆ ದಪ್ಪ ಗೆಳೆಯ ಯಾರಪ್ಪಾ ಅಂತ.

ಅಲ್ಲಿಗೆ ಗೆಳೆತನ ಮುಗಿಯಿತು. ಆದರೂ ಇನ್ನೂ ಮೂರು ವರ್ಷ ಅವನು ಲಂಡನ್‌ನಲ್ಲಿ ತಲೆ ಎತ್ತಿಕೊಂಡೇ ಓಡಾಡಿದ. ಅವನನ್ನು ಮುಳುಗಿಸಿದ್ದು ಜೂಜು. ವೇಟಿಯರ್ಸ್ ಅನ್ನುವ ಕ್ಲಬ್ಬಿನಲ್ಲಿ ರಾತ್ರಿಯಿಡೀ ಆಡುತ್ತಿದ್ದ. ಗೆಳೆಯರ ಜೊತೆ ಜಂಟಿಯಾಗಿ ಸಾಲಪತ್ರಗಳಿಗೆ ಸಹಿ ಹಾಕಿದ್ದ. ಕೊನೆಗೆ ಸಾಲ ಕೊಟ್ಟವರು ಬೀದಿಗೆ ಎಳೆಯುವ ಹೊತ್ತು ಬಂತು. ಆಗ ಸಾಲ ತೀರಿಸದಿದ್ದರೆ ನೇರ ಜೈಲು. 1816ರ ಮೇ 16ರ ಸಂಜೆ ಊಟ ಮುಗಿಸಿ, ಏನೂ ಆಗದವನ ಹಾಗೆ ಆಪೆರಾಕ್ಕೆ ಹೋಗಿ ಮುಖ ತೋರಿಸಿ, ಅಲ್ಲಿಂದ ಬೇಗ ಎದ್ದು, ಗಾಡಿ ಹತ್ತಿ ರಾತ್ರೋರಾತ್ರಿ ಡೋವರ್ ಬಂದರಿಗೆ ಹೋದ. ಅಲ್ಲಿಂದ ಸಮುದ್ರ ದಾಟಿ ಫ್ರಾನ್ಸಿನ ಕ್ಯಾಲೆ. ಒಂದು ವಾರದೊಳಗೆ ಅವನ ಮನೆ ಸಾಮಾನೆಲ್ಲ ಹರಾಜಾಯಿತು. ಅವನು ಮತ್ತೆ ಯಾವತ್ತೂ ಇಂಗ್ಲೆಂಡಿನಲ್ಲಿ ಬದುಕಲಿಲ್ಲ. ಆಗ ಅವನಿಗೆ ಇನ್ನೂ 38 ತುಂಬಿರಲಿಲ್ಲ.

ಈಗ ಯುವರಾಜನ ಕಡೆ ಒಂದು ಸಲ ನೋಡಿ. 1820ರಲ್ಲಿ ಅವನು ರಾಜನಾದ. 1821ರಲ್ಲಿ ಅವನು ಕ್ಯಾಲೆ ಮೂಲಕವೇ ಹಾದುಹೋದ. ಅದೇ ಊರಿನಲ್ಲಿ ಹಳೇ ಗೆಳೆಯ ಬಡತನದಲ್ಲಿ ಕೂತಿದ್ದ. ರಾಜ ಅವನನ್ನು ಕರೆಸಲಿಲ್ಲ. ಮರುವರ್ಷ, 1822ರ ಆಗಸ್ಟ್‌ನಲ್ಲಿ, ರಾಜ ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಹೋದ. ಕಾದಂಬರಿಕಾರ ವಾಲ್ಟರ್ ಸ್ಕಾಟ್ ಅದರ ಪೂರ್ತಿ ಏರ್ಪಾಟು ಮಾಡಿದ್ದ. ಅಲ್ಲಿ ರಾಜ ಏನು ಹಾಕಿದ ಗೊತ್ತಾ? ಕಿಲ್ಟ್. ಮೊಣಕಾಲಿನ ಮೇಲೆ ನಿಲ್ಲುವ, ನೆರಿಗೆ ಹಿಡಿದ, ಕೆಂಪು ಚೌಕುಳಿಯ ಸ್ಕರ್ಟು. ಅದರ ಕೆಳಗೆ ಗುಲಾಬಿ ಬಣ್ಣದ ಬಿಗಿ ಕಾಲುಚೀಲ. ಇಡೀ ವೇಷಕ್ಕೆ ಬಿಲ್ಲು 1,354 ಪೌಂಡ್ 18 ಶಿಲಿಂಗ್. ವ್ಯಂಗ್ಯಚಿತ್ರಕಾರರಿಗೆ ಹಬ್ಬ.

ನಗಬಹುದು. ಆದರೆ ಈ ಕಿಲ್ಟ್ ಹಿಂದೆ ಒಂದು ನೋವಿನ ಕಥೆ ಇದೆ. ಸ್ಕಾಟ್ಲೆಂಡಿನ ಗುಡ್ಡಗಾಡಿನ ಜನ ದಂಗೆ ಎದ್ದು ಸೋತ ಮೇಲೆ, 1746ರಲ್ಲಿ ಬ್ರಿಟಿಷ್ ಸರ್ಕಾರ ಅವರ ಉಡುಪನ್ನೇ ನಿಷೇಧಿಸಿತು. ಸೈನ್ಯದಲ್ಲಿ ಇಲ್ಲದ ಗಂಡಸು ಕಿಲ್ಟ್ ಉಟ್ಟರೆ ಜೈಲು, ಇನ್ನೊಂದು ಸಲ ಸಿಕ್ಕಿಬಿದ್ದರೆ ಗಡೀಪಾರು. 1782ರವರೆಗೆ ಆ ಕಾನೂನು ಇತ್ತು. ನಿಷೇಧಿಸಿದ ಮನೆತನದ ರಾಜನೇ ನಲವತ್ತು ವರ್ಷದ ಮೇಲೆ ಅದನ್ನು ಉಟ್ಟು ನಿಂತ. ಇವತ್ತು ಸ್ಕಾಟ್ಲೆಂಡಿನ ಮದುವೆಗಳಲ್ಲಿ ಕಿಲ್ಟ್ ಉಟ್ಟ ಮದುಮಗನನ್ನು ನೋಡಿ ಯಾರೂ ನಗಲ್ಲ. ಬಟ್ಟೆಯ ಮೇಲಿನ ನಗು, ಮರ್ಯಾದೆ ಎಲ್ಲ ಎಷ್ಟು ಬೇಗ ತಿರುಗುತ್ತೆ ನೋಡಿ.

ಬ್ರಮೆಲ್ ಕ್ಯಾಲೆಯಲ್ಲಿ ಹದಿನಾಲ್ಕು ವರ್ಷ ಕಳೆದ. ಇಂಗ್ಲೆಂಡಿನ ಗೆಳೆಯರು ಕಳುಹಿಸಿದ ದುಡ್ಡಿನಲ್ಲಿ, ಹೊಸ ಸಾಲದಲ್ಲಿ ಹಳೇ ಠೀವಿ ನಡೆಸಿದ. 1830ರಲ್ಲಿ ಅವನಿಗೆ ಫ್ರಾನ್ಸಿನ ಕಾನ್ ಎಂಬ ಊರಿನಲ್ಲಿ ಬ್ರಿಟಿಷ್ ಕಾನ್ಸಲ್ ಕೆಲಸ ಸಿಕ್ಕಿತು. ಅಲ್ಲಿ ಅವನು ಮಾಡಿದ ಕೆಲಸ ನೋಡಿ. ಈ ಊರಿಗೆ ಕಾನ್ಸಲ್ ಅಗತ್ಯವೇ ಇಲ್ಲ ಅಂತ ತಾನೇ ಸರ್ಕಾರಕ್ಕೆ ಬರೆದ. ಪ್ರಾಮಾಣಿಕತೆ ಮೆಚ್ಚಿ ಇನ್ನೂ ಒಳ್ಳೆಯ ಊರಿಗೆ ಹಾಕುತ್ತಾರೆ ಅಂತ ಅವನ ಲೆಕ್ಕ. ಸರ್ಕಾರ ಅವನ ಮಾತನ್ನು ಒಪ್ಪಿತು, ಹುದ್ದೆಯನ್ನು ತೆಗೆದುಹಾಕಿತು, ಬೇರೆ ಯಾವ ಕೆಲಸವನ್ನೂ ಕೊಡಲಿಲ್ಲ.

1835ರಲ್ಲಿ ಸಾಲಗಾರರು ಅವನನ್ನು ಕಾನ್‌ನ ಜೈಲಿಗೆ ಹಾಕಿಸಿದರು. ಗೆಳೆಯರು ಚಂದಾ ಎತ್ತಿ ಬಿಡಿಸಿದರು. ಹೊರಗೆ ಬಂದವನು ಹಳೇ ಬ್ರಮೆಲ್ ಅಲ್ಲ. ಪಾರ್ಶ್ವವಾಯು ಹೊಡೆದಿತ್ತು. ಸಿಫಿಲಿಸ್ ಮಿದುಳಿಗೆ ಏರಿತ್ತು ಅನ್ನುತ್ತಾರೆ ಅವನ ಬಗ್ಗೆ ಬರೆದವರು. ದಿನಕ್ಕೆ ಹಲವು ಬಿಳಿ ಕ್ರವಾಟ್ ಎಸೆಯುತ್ತಿದ್ದವನು ಕೊಳೆಯಾದ ಬಟ್ಟೆಯಲ್ಲಿ ಓಡಾಡಿದ. ಕೆಲವು ಸಂಜೆ ಕೋಣೆಯಲ್ಲಿ ಮೇಣದಬತ್ತಿ ಹಚ್ಚಿಸಿ, ಹಳೇ ನೀಲಿ ಕೋಟು ಹಾಕಿಕೊಂಡು ಅತಿಥಿಗಳಿಗೆ ಕಾಯುತ್ತಿದ್ದನಂತೆ. ಸೇವಕ ಬಾಗಿಲು ತೆರೆದು ಡೆವನ್‌ಶೈರಿನ ಡಚೆಸ್ ಬಂದರು ಅಂತ ಕೂಗಬೇಕು, ಇವನು ಎದ್ದು ತಲೆಬಾಗಿಸಿ ಖಾಲಿ ಗಾಳಿಗೆ ಕೈ ಚಾಚಿ ಕರೆತಂದು ಕೂರಿಸಬೇಕು. ಆ ಡಚೆಸ್ ಸತ್ತು ಎಷ್ಟೋ ವರ್ಷ ಆಗಿತ್ತು. ಸ್ವಲ್ಪ ಹೊತ್ತಿಗೆ ಅವನಿಗೇ ಎಚ್ಚರವಾಗಿ, ಕುರ್ಚಿಯಲ್ಲಿ ಕುಸಿದು ಅಳುತ್ತಿದ್ದನಂತೆ.

1840ರ ಮಾರ್ಚ್ 30ರಂದು ಕಾನ್‌ನ ಬಾನ್ ಸೋವರ್ ಆಶ್ರಮದಲ್ಲಿ, ಮಾನಸಿಕ ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ಸನ್ಯಾಸಿನಿಯರ ಆರೈಕೆಯಲ್ಲಿ ಅವನು ತೀರಿಕೊಂಡ. ವಯಸ್ಸು 61.

ಅವನು ಹೋದ, ಅವನ ಬಟ್ಟೆ ಉಳಿಯಿತು. ಕಾಲ ಹೋದ ಹಾಗೆ ನೀಲಿ ಇನ್ನೂ ಕಪ್ಪಾಯಿತು, ಬಿಗಿ ಪ್ಯಾಂಟು ಸಡಿಲವಾಯಿತು, ಕ್ರವಾಟ್ ಸಣ್ಣದಾಗಿ ಟೈ ಆಯಿತು. ಬ್ರಿಟಿಷರು ಹೋದ ಕಡೆಯೆಲ್ಲ ಸೂಟು ಹೋಯಿತು. 1930ರಲ್ಲಿ ಫ್ಲೂಗೆಲ್ ಅನ್ನುವ ಮನಶ್ಶಾಸ್ತ್ರಜ್ಞ, ಹದಿನೆಂಟನೇ ಶತಮಾನದ ಕೊನೆಗೆ ಗಂಡಸರೆಲ್ಲ ಚೆಂದ ಕಾಣುವ ಹಕ್ಕನ್ನೇ ಬಿಟ್ಟುಕೊಟ್ಟರು ಅಂತ ವಾದಿಸಿ, ಅದನ್ನು ಗಂಡಸರ ಮಹಾತ್ಯಾಗ ಅಂತ ಕರೆದ. ಅದಕ್ಕೆ ಒಂದು ವರ್ಷ ಮೊದಲೇ ಲಂಡನ್ನಿನಲ್ಲಿ ಗಂಡಸರ ಉಡುಪು ಸುಧಾರಣೆಗೆ ಅಂತ ಒಂದು ಸಂಘ ಹುಟ್ಟಿತ್ತು, ಅವನೂ ಅದರಲ್ಲಿದ್ದ. ಬಿಗಿ ಕಾಲರ್, ಟೈ ಬಿಡಿ, ಸಡಿಲವಾದ, ಬಣ್ಣದ ಬಟ್ಟೆ ಹಾಕಿ, ಚಡ್ಡಿ ಹಾಕಿ, ಬೇಕಾದರೆ ಕಿಲ್ಟ್ ಉಡಿ ಅಂತ ಅವರ ಬೇಡಿಕೆ. ಪತ್ರಿಕೆಗಳು ಚೆನ್ನಾಗಿ ನಕ್ಕವು. ಹತ್ತು ವರ್ಷದಲ್ಲಿ ಸಂಘ ಮುಳುಗಿತು. ಬ್ರಮೆಲ್‌ಗೆ ಮಾತ್ರ 2002ರಲ್ಲಿ ಲಂಡನ್ನಿನ ಜರ್ಮಿನ್ ಸ್ಟ್ರೀಟಿನಲ್ಲಿ, ಗಂಡಸರ ಶರ್ಟಿನ ಅಂಗಡಿಗಳ ನಡುವೆ, ಪ್ರತಿಮೆ ನಿಲ್ಲಿಸಿದರು.

ಹಾಗಾದರೆ ಅವನು ಒಳ್ಳೆಯದು ಮಾಡಿದನೋ ಕೆಟ್ಟದ್ದೋ? ನನಗೆ ಎರಡೂ ಅನಿಸುತ್ತೆ. ನೂರು ಜನ ಒಂದೇ ನೇವಿ ಬ್ಲೇಜರ್‌ನಲ್ಲಿ ಇಂಟರ್‌ವ್ಯೂಗೆ ಕೂತಾಗ ಯಾರ ಅಪ್ಪ ಏನು ಮಾಡುತ್ತಾರೆ ಅಂತ ಬಟ್ಟೆಯಿಂದ ಗೊತ್ತಾಗಲ್ಲ. ಬ್ಲೇಜರ್ ಗೆಳೆಯನದ್ದು ತಂದಿದ್ದರೂ ನಡೆಯುತ್ತೆ. ಸೇವಕನ ಮೊಮ್ಮಗ ಬಿಟ್ಟುಹೋದ ಆಸ್ತಿ ಅದು. ಆದರೆ ಅದರ ಜೊತೆಗೆ, ಬಣ್ಣ ಹಾಕಿದ ಗಂಡಸನ್ನು ನೋಡಿದರೆ ನಗುವ ಆ ಕಿಟಕಿಯನ್ನೂ ಅವನೇ ಬಿಟ್ಟುಹೋದ. ಅದನ್ನು ಮುಚ್ಚಬಹುದು. ನಮ್ಮ ಎಲ್ಲ ಎಂಜಿನಿಯರ್‌ಗಳ ಗುರು ವಿಶ್ವೇಶ್ವರಯ್ಯನವರ ಫೋಟೋ ನೋಡಿ. ಕೆಳಗೆ ಇಸ್ತ್ರಿ ಮುರಿಯದ ಸೂಟು, ಅದು ಪೂರ್ತಿ ಬ್ರಮೆಲ್‌ನ ವಂಶದ್ದು. ತಲೆ ಮೇಲೆ ಜರಿ ಅಂಚಿನ ಮೈಸೂರು ಪೇಟ, ಅದು ಅವನಿಗೆ ಗೊತ್ತೇ ಇಲ್ಲದ್ದು. ಅವರು ಎರಡನ್ನೂ ಬಿಡಲಿಲ್ಲ. ಇನ್ನು ಸ್ಕರ್ಟ್ ಅಂದರೆ ನಗುವ ನಾವೇ ರಾತ್ರಿ ಹಾಸ್ಟೆಲ್‌ನಲ್ಲಿ ಚೌಕುಳಿ ಲುಂಗಿ ಉಟ್ಟುಕೊಂಡು ಮೆಸ್‌ಗೆ ಹೋಗುತ್ತೇವೆ. ಅದನ್ನು ಸ್ಕಾಟ್ಲೆಂಡಿನವನಿಗೆ ತೋರಿಸಿದರೆ ಏನನ್ನುತ್ತಾನೋ.

ಹೋದ ವರ್ಷದ ಎಥ್ನಿಕ್ ಡೇಗೆ ಅಂತ ನಾನು ಊರಿಂದ ತಾತನ ಮಗುಟ ತಂದಿದ್ದೆ. ಅರಿಶಿನ ಬಣ್ಣದ ರೇಷ್ಮೆ, ಕೆಂಪು ಅಂಚು. ಬೆಳಗ್ಗೆ ಉಟ್ಟೂ ನೋಡಿದೆ. ರೂಮ್‌ಮೇಟ್ ನೋಡಿ, ಪೂಜೆಗೆ ಹೊರಟ್ಯಾ ಪುರೋಹಿತರೇ ಅಂದ. ಅವನು ತಮಾಷೆಗೇ ಅಂದದ್ದು. ನಾನು ಬಿಚ್ಚಿಟ್ಟು ಬಿಳಿ ಪಂಚೆ ಉಟ್ಟುಕೊಂಡು ಹೋದೆ. ಫೋಟೋದಲ್ಲಿ ನನ್ನನ್ನು ಹುಡುಕೋಕೆ ನನಗೇ ಸ್ವಲ್ಪ ಹೊತ್ತು ಬೇಕಾಯಿತು.

ಮಗುಟ ಇನ್ನೂ ಟ್ರಂಕ್‌ನಲ್ಲೇ ಇದೆ. ಈ ವರ್ಷದ ಎಥ್ನಿಕ್ ಡೇಗೆ ಉಡುತ್ತೇನೆ. ಮೂರನೇ ಮಹಡಿಯಿಂದ ನೋಡುವವರಿಗೆ ಅರಿಶಿನದ ಚುಕ್ಕೆ ಕಂಡರೆ ಅದು ನಾನೇ. ಪಕ್ಕದಲ್ಲಿ ಇನ್ನೂ ನಾಲ್ಕು ಬಣ್ಣ ಕಂಡರೆ ಇನ್ನೂ ಖುಷಿ.